ಆಕಾಶಕ್ಕೇರಿದ ದೀಪಸ್ತಂಭ: ಕಾವಲುಗಾರ ಯಾರು?

2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15 ರಾಕೆಟ್ ಮೇಲೇರಿದಾಗ ಕನ್ನಡಿಗರ ಅಭಿಮಾನಕ್ಕೆ ಪಾತ್ರವಾದದ್ದು ‘ಸ್ಟಡ್‌ಸ್ಯಾಟ್’ ಎಂಬ ಕಿರು ಉಪಗ್ರಹ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ರೂಪಿಸಿದ ಅದರ ತೂಕ ಒಂದು ಕೆ.ಜಿ.ಗೂ ಕಡಿಮೆ. ಅದೇ ರಾಕೆಟ್ಟಿನಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆಯೂ ಇತ್ತು. ಪ್ರತಿ ಬದಿ 20 ಸೆಂ.ಮೀ., ತೂಕ ಸುಮಾರು ಆರೂವರೆ ಕೆ.ಜಿ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಿರ್ಮಾಣಗೊಂಡು, ನಾರ್ವೆ ದೇಶದ ಹೆಸರಿನಲ್ಲಿ ಕಕ್ಷೆ ಸೇರಿದ ಆ ಉಪಗ್ರಹದ ಹೆಸರು ‘ಎಐಎಸ್‌ಸ್ಯಾಟ್-1’. ನಮ್ಮಲ್ಲಿ ಅದನ್ನು ಗಮನಿಸಿದವರು ವಿರಳ. ಆದರೆ ಉತ್ತರ ಧ್ರುವದ ಹಿಮಸಾಗರಗಳಲ್ಲಿ ಸಂಚರಿಸುವ ಹಡಗುಗಳ ಮೇಲೆ ಒಂದು ಸಣ್ಣ ರಾಷ್ಟ್ರ ಹೇಗೆ ಕಣ್ಣಿಡಬಹುದು ಎಂಬ ಪ್ರಶ್ನೆಗೆ ಈ ಪೆಟ್ಟಿಗೆ ಕೊಟ್ಟ ಉತ್ತರ, ಇಂದು ದಕ್ಷಿಣ ಧ್ರುವದ ಕಡೆಗೆ ಮುಖಮಾಡಿ ನಿಂತಿರುವ ಭಾರತಕ್ಕೂ ಪ್ರಸ್ತುತವಾಗಿದೆ.

ಮೊದಲಿಗೆ ಈ ಉಪಗ್ರಹ ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು. ಸಮುದ್ರಯಾನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಅಂತರರಾಷ್ಟ್ರೀಯ ಯಾನ ಕೈಗೊಳ್ಳುವ 300 ಒಟ್ಟು ಟನ್ನೇಜ್‌ಗಿಂತ ದೊಡ್ಡ ಹಡಗುಗಳೂ, ಎಲ್ಲ ಪ್ರಯಾಣಿಕ ಹಡಗುಗಳೂ 2004ರ ಅಂತ್ಯದ ವೇಳೆಗೆ ‘ಸ್ವಯಂಚಾಲಿತ ಗುರುತು ವ್ಯವಸ್ಥೆ’, ಅಂದರೆ ಎಐಎಸ್ ಎಂಬ ರೇಡಿಯೊ ಸಾಧನವನ್ನು ಅಳವಡಿಸಿಕೊಳ್ಳಬೇಕಾಯಿತು. ಹಡಗಿನ ಗುರುತು, ಇರುವ ಸ್ಥಳ, ವೇಗ, ದಿಕ್ಕು ಇವನ್ನು ಆ ಸಾಧನ ಕೆಲವೇ ಸೆಕೆಂಡುಗಳಿಗೊಮ್ಮೆ ಸಾರುತ್ತಿರುತ್ತದೆ. ಮಂಜು ಮುಸುಕಿದಾಗಲೂ ಕತ್ತಲಲ್ಲೂ ಒಂದು ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆಯಬಾರದು ಎಂಬುದು ಇದರ ಮೂಲ ಉದ್ದೇಶ. ಆದರೆ ಈ ರೇಡಿಯೊ ತರಂಗಗಳು ಭೂಮಿಯ ದುಂಡುತನವನ್ನು ದಾಟಲಾರವು. ದಡದ ಮೇಲಿನ ಗೋಪುರಕ್ಕೆ ಸುಮಾರು 40 ನಾಟಿಕಲ್ ಮೈಲಿಗಳಾಚೆಯ ಹಡಗು ಕೇಳಿಸುವುದಿಲ್ಲ. ಅಡ್ಡಕ್ಕೆ ಸಾಗಲಾರದ ತರಂಗ ಮೇಲಕ್ಕೆ ಮಾತ್ರ ಯಾವ ಅಡೆತಡೆಯೂ ಇಲ್ಲದೆ ಸಾಗುತ್ತದೆ. ಆರುನೂರು ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹವೊಂದಕ್ಕೆ ಏಕಕಾಲಕ್ಕೆ ಸುಮಾರು ಐದು ಸಾವಿರ ಕಿ.ಮೀ. ವ್ಯಾಸದ ಪ್ರದೇಶದಲ್ಲಿರುವ ಹಡಗುಗಳ ದನಿ ಕೇಳಿಸುತ್ತದೆ.

ಇಲ್ಲಿಯೇ ಧ್ರುವಸಾಗರಗಳ ವೈಶಿಷ್ಟ್ಯ ಅಡಗಿದೆ. ಹಡಗುಗಳು ಕಿಕ್ಕಿರಿದ ಕಡಲಿನಲ್ಲಿ ಉಪಗ್ರಹದ ಸ್ಥಿತಿ ಸಂತೆಯ ನಡುವೆ ನಿಂತವನ ಕಿವಿಯಂತೆ. ನೂರಾರು ದನಿಗಳು ಒಂದರ ಮೇಲೊಂದು ಬಿದ್ದು ಯಾರ ಮಾತೂ ಸ್ಪಷ್ಟವಾಗುವುದಿಲ್ಲ. ಹಡಗುಗಳು ವಿರಳವಾಗಿರುವ ಧ್ರುವಸಾಗರಗಳಲ್ಲಿ ಅದು ನಡುರಾತ್ರಿ ಹಳ್ಳಿಯ ಬೀದಿಯಲ್ಲಿ ನಿಂತವನ ಕಿವಿ; ಒಂದೊಂದು ಹೆಜ್ಜೆಯೂ ಕೇಳಿಸುತ್ತದೆ. ಜೊತೆಗೆ, ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹವು ಭೂಮಧ್ಯರೇಖೆಯ ಬಳಿಯ ಒಂದು ಊರಿನ ಮೇಲೆ ದಿನಕ್ಕೆ ಕೆಲವೇ ಬಾರಿ ಹಾದುಹೋದರೆ, ಧ್ರುವಪ್ರದೇಶದ ಮೇಲೆ ಪ್ರತಿ ಸುತ್ತಿನಲ್ಲೂ, ಅಂದರೆ ದಿನಕ್ಕೆ ಸುಮಾರು ಹದಿನೈದು ಬಾರಿ ಹಾದುಹೋಗುತ್ತದೆ. ಭೂಮಧ್ಯರೇಖೆಯ ನೆತ್ತಿಯ ಮೇಲೆ ಸ್ಥಿರವಾಗಿ ನಿಂತಂತೆ ತೋರುವ ಭೂಸ್ಥಿರ ಉಪಗ್ರಹಗಳ ದೃಷ್ಟಿ ತಲುಪದ ಸ್ಥಳವೇ ಇಂತಹ ಕಿರು ಉಪಗ್ರಹಗಳಿಗೆ ಅತ್ಯಂತ ಅನುಕೂಲಕರವಾದ ಸ್ಥಳ.

ನಾರ್ವೆ ಈ ಲೆಕ್ಕಾಚಾರವನ್ನು ಸರಿಯಾಗಿ ಗ್ರಹಿಸಿತು. ಜನಸಂಖ್ಯೆಯಲ್ಲಿ ಅದು ಬೆಂಗಳೂರು ನಗರಕ್ಕಿಂತಲೂ ಚಿಕ್ಕದು. ಆದರೆ ಅದರ ಹೊಣೆಯಲ್ಲಿರುವ ಕಡಲು ಸುಮಾರು 20 ಲಕ್ಷ ಚದರ ಕಿ.ಮೀ., ಅಂದರೆ ಹತ್ತು ಕರ್ನಾಟಕಗಳಷ್ಟು. ಇಷ್ಟು ವಿಸ್ತಾರವನ್ನು ಗಸ್ತು ಹಡಗು, ವಿಮಾನಗಳಿಂದ ಕಾಯುವುದು ಯಾವ ಶ್ರೀಮಂತ ರಾಷ್ಟ್ರಕ್ಕೂ ಸುಲಭವಲ್ಲ. ಎಐಎಸ್‌ಸ್ಯಾಟ್-1ರ ನಂತರ 2014ರಲ್ಲಿ ಎರಡನೆಯದು ಕಕ್ಷೆ ಸೇರಿತು. ಮೂರನೆಯದು 2017ರ ನವೆಂಬರಿನಲ್ಲಿ ರಷ್ಯಾದ ರಾಕೆಟ್ ವಿಫಲವಾದಾಗ ನಷ್ಟವಾಯಿತು. ಅಷ್ಟರಲ್ಲಿ, ಅದೇ ವರ್ಷದ ಜುಲೈನಲ್ಲಿ, ನಾರ್‌ಸ್ಯಾಟ್-1 ಮತ್ತು 2 ಕೆಲಸ ಆರಂಭಿಸಿದ್ದವು. 2021ರಲ್ಲಿ ನಾರ್‌ಸ್ಯಾಟ್-3, 2025ರ ಜನವರಿಯಲ್ಲಿ ನಾರ್‌ಸ್ಯಾಟ್-4 ಸೇರ್ಪಡೆಯಾದವು. ಒಂದು ಉಪಗ್ರಹ ಕೈಕೊಟ್ಟರೆ ಇನ್ನೊಂದು ಇದೆ ಎಂಬ ಸ್ಥಿತಿ ಅಲ್ಲಿ ನಿರ್ಮಾಣವಾಗಿದೆ.

ನನ್ನ ಗಮನ ಸೆಳೆದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಆಡಳಿತ ವ್ಯವಸ್ಥೆ. ಉಪಗ್ರಹದ ಒಡೆತನ ಆ ದೇಶದ ಬಾಹ್ಯಾಕಾಶ ಸಂಸ್ಥೆಯದು. ತಾಂತ್ರಿಕ ಹೊಣೆ ರಕ್ಷಣಾ ಸಂಶೋಧನಾ ಸಂಸ್ಥೆಯದು. ಆದರೆ ಮಾಹಿತಿ ಬೇಕೆಂದು ಕೇಳುವ, ದಿನವೂ ಅದನ್ನು ಬಳಸುವ ಕಚೇರಿ ಕರಾವಳಿ ಆಡಳಿತ ಇಲಾಖೆ. ಅಂದರೆ, ಉಪಗ್ರಹ ಹಾರಿಸಿದ ಮೇಲೆ ಅದಕ್ಕೊಂದು ಉಪಯೋಗ ಹುಡುಕಲಿಲ್ಲ. ಮೊದಲು ಉಪಯೋಗವಿತ್ತು, ನಂತರ ಉಪಗ್ರಹ ಬಂದಿತು. ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಈ ಅನುಕ್ರಮದ ಮಹತ್ವ ಚೆನ್ನಾಗಿ ಗೊತ್ತು. ಉಪಕರಣ ಖರೀದಿಗೆ ಅನುದಾನ ದೊರೆಯುವುದು ಸುಲಭ. ಅದು ನೀಡುವ ಮಾಹಿತಿಗೆ ಯಾರು ಉತ್ತರದಾಯಿ ಎಂಬುದನ್ನು ನಿರ್ಧರಿಸುವುದೇ ಕಷ್ಟ.

ಅಷ್ಟಕ್ಕೂ ಆ ದೂರದ ಹಿಮದಲ್ಲಿ ಕಾಯಬೇಕಾದದ್ದು ಏನಿದೆ? ಮೊದಲನೆಯದಾಗಿ, ಜೀವಗಳಿವೆ. 2007ರ ನವೆಂಬರ್ 23ರಂದು ‘ಎಕ್ಸ್‌ಪ್ಲೋರರ್’ ಎಂಬ ಪ್ರವಾಸಿ ಹಡಗು ಅಂಟಾರ್ಕ್ಟಿಕಾ ಬಳಿ ಹಿಮಕ್ಕೆ ಬಡಿದು ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಬದುಕುಳಿದರು. ಏಕೆಂದರೆ ‘ನೋರ್ಡ್‌ನೋರ್ಗೆ’ ಎಂಬ ಇನ್ನೊಂದು ಪ್ರವಾಸಿ ಹಡಗು ಕೆಲವೇ ಗಂಟೆಗಳ ದೂರದಲ್ಲಿತ್ತು. 2010ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ‘ಇನ್‌ಸಂಗ್ ನಂ. 1’ ಎಂಬ ಮೀನುಗಾರಿಕಾ ಹಡಗು ದಕ್ಷಿಣ ಮಹಾಸಾಗರದಲ್ಲಿ ಅರ್ಧ ಗಂಟೆಯೊಳಗೆ ಮುಳುಗಿದಾಗ 42 ಮಂದಿಯಲ್ಲಿ 22 ಮಂದಿ ಅಸುನೀಗಿದರು; ಉಳಿದವರನ್ನು ಎತ್ತಿಕೊಂಡದ್ದು ಸಮೀಪದಲ್ಲಿದ್ದ ಮತ್ತೊಂದು ಮೀನುಗಾರಿಕಾ ಹಡಗು. 2023ರ ಸೆಪ್ಟೆಂಬರಿನಲ್ಲಿ 206 ಮಂದಿಯಿದ್ದ ‘ಓಷನ್ ಎಕ್ಸ್‌ಪ್ಲೋರರ್’ ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ನೆಲಕಚ್ಚಿದಾಗ, ನೆರವಿಗೆ ಹೊರಟ ಡೆನ್ಮಾರ್ಕಿನ ನೌಕಾಪಡೆಯ ಹಡಗು ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರದಲ್ಲಿತ್ತು. ಮೂರು ದಿನಗಳ ನಂತರ ಅದನ್ನು ಎಳೆದು ಬಿಡಿಸಿದ್ದು ಗ್ರೀನ್‌ಲ್ಯಾಂಡಿನ ಒಂದು ಮತ್ಸ್ಯ ಸಂಶೋಧನಾ ಹಡಗು.

ಈ ಮೂರೂ ಪ್ರಸಂಗಗಳು ಹೇಳುವುದು ಒಂದೇ ಮಾತನ್ನು. ಧ್ರುವಸಾಗರದಲ್ಲಿ ರಕ್ಷಣೆ ಎಂದರೆ ಸರ್ಕಾರದ ಹಡಗಲ್ಲ, ನೆರೆಯ ಹಡಗು. ಆ ನೆರೆಯವರು ಯಾರು, ಎಲ್ಲಿದ್ದಾರೆ, ತಲುಪಲು ಎಷ್ಟು ಗಂಟೆ ಬೇಕು ಎಂಬುದು ರಕ್ಷಣಾ ಕೇಂದ್ರಕ್ಕೆ ತಕ್ಷಣ ತಿಳಿದಿರಬೇಕು. ಅಂಟಾರ್ಕ್ಟಿಕಾಕ್ಕೆ ಒಂದು ಋತುವಿನಲ್ಲಿ ಹೋಗಿಬರುವ ಪ್ರವಾಸಿಗರ ಸಂಖ್ಯೆ ಈಗ ಒಂದು ಲಕ್ಷವನ್ನು ದಾಟಿರುವಾಗ ಇದು ಕೆಲವೇ ಸಾಹಸಿಗಳ ಪ್ರಶ್ನೆಯಾಗಿ ಉಳಿದಿಲ್ಲ.

ಎರಡನೆಯದಾಗಿ, ಸಂಪತ್ತಿದೆ. ದಕ್ಷಿಣ ಮಹಾಸಾಗರದ ಆಳದಲ್ಲಿ ನಿಧಾನವಾಗಿ ಬೆಳೆಯುವ ಟೂತ್‌ಫಿಶ್ ಎಂಬ ಮೀನು ವಿದೇಶಿ ಭೋಜನಶಾಲೆಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಅದರ ಕಳ್ಳಬೇಟೆ ತಡೆಯಲು ಹಿಂದೆ ಎಷ್ಟು ಶ್ರಮಪಡಬೇಕಾಗಿತ್ತು ನೋಡಿ. 2003ರಲ್ಲಿ ಆಸ್ಟ್ರೇಲಿಯಾದ ಗಸ್ತು ಹಡಗು ಹರ್ಡ್ ದ್ವೀಪದ ಬಳಿಯಿಂದ ಉರುಗ್ವೆ ಧ್ವಜದ ‘ವಿಯಾರ್ಸಾ-1’ ಎಂಬ ಹಡಗನ್ನು 21 ದಿನಗಳ ಕಾಲ, ಏಳು ಸಾವಿರ ಕಿ.ಮೀ.ಗೂ ಹೆಚ್ಚು ದೂರ ಬೆನ್ನಟ್ಟಿ ಹಿಡಿಯಿತು. 2005ರಲ್ಲಿ ನ್ಯಾಯಾಲಯದಲ್ಲಿ ಆರೋಪಿಗಳು ಖುಲಾಸೆಯಾದರು. 2014ರ ಡಿಸೆಂಬರಿನಿಂದ 2015ರ ಏಪ್ರಿಲ್‌ವರೆಗೆ ಸೀ ಶೆಫರ್ಡ್ ಎಂಬ ಸ್ವಯಂಸೇವಾ ಸಂಸ್ಥೆಯ ಹಡಗುಗಳು ‘ಥಂಡರ್’ ಎಂಬ ಕುಖ್ಯಾತ ಹಡಗನ್ನು 110 ದಿನ ಹಿಂಬಾಲಿಸಿದವು. ಕೊನೆಗೆ ಅದು ಪಶ್ಚಿಮ ಆಫ್ರಿಕಾದ ಬಳಿ ಮುಳುಗಿತು. ಸರ್ಕಾರಗಳು ಮಾಡಬೇಕಾದ ಕಾವಲನ್ನು ಸ್ವಯಂಸೇವಕರು ಮಾಡಬೇಕಾಗಿ ಬಂದದ್ದು ಯಾರಿಗೂ ಹೆಮ್ಮೆ ತರುವ ಸಂಗತಿಯಲ್ಲ.

ಹಾಗೆಂದು ಕಿರು ಉಪಗ್ರಹವನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವುದು ತರವಲ್ಲ. ಎಐಎಸ್ ಒಂದು ಸ್ವಯಂಘೋಷಣೆ. ಘೋಷಿಸಲು ಒಲ್ಲದವನು ಸಾಧನವನ್ನು ಆರಿಸಿಬಿಡಬಹುದು, ಅಥವಾ ಸುಳ್ಳು ಗುರುತನ್ನು ಸಾರಬಹುದು. ಮೀನುಗಾರಿಕಾ ಹಡಗುಗಳಿಗೆ ಆ ನಿಯಮ ಎಲ್ಲೆಡೆ ಒಂದೇ ರೀತಿ ಅನ್ವಯವಾಗುವುದೂ ಇಲ್ಲ. 2024ರ ಜನವರಿಯಲ್ಲಿ ‘ನೇಚರ್’ ನಿಯತಕಾಲಿಕದಲ್ಲಿ ಪ್ರಕಟವಾದ, 2017ರಿಂದ 2021ರವರೆಗಿನ ಉಪಗ್ರಹ ಚಿತ್ರಗಳನ್ನು ಆಧರಿಸಿದ ಅಧ್ಯಯನದ ಪ್ರಕಾರ, ಜಗತ್ತಿನ ಕೈಗಾರಿಕಾ ಮೀನುಗಾರಿಕಾ ಹಡಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾರ್ವಜನಿಕ ನಿಗಾ ವ್ಯವಸ್ಥೆಗಳಲ್ಲಿ ಕಾಣಿಸುವುದೇ ಇಲ್ಲ. ತೆರಿಗೆ ವಿವರ ಸಲ್ಲಿಸುವವರ ಪಟ್ಟಿಯನ್ನಷ್ಟೇ ನೋಡಿ ದೇಶದ ಆದಾಯವನ್ನು ಅಂದಾಜಿಸಿದರೆ ಏನಾದೀತೋ, ಎಐಎಸ್ ಒಂದನ್ನೇ ನಂಬಿದರೂ ಅದೇ ಆಗುತ್ತದೆ.

ಈ ಸಮಸ್ಯೆಗೆ ಸೊಗಸಾದ ಉತ್ತರವೊಂದು ಹಕ್ಕಿಗಳಿಂದ ಬಂದಿತು. ಫ್ರಾನ್ಸಿನ ವಿಜ್ಞಾನಿಗಳು ದಕ್ಷಿಣ ಹಿಂದೂ ಮಹಾಸಾಗರದ ಕ್ರೋಜೆ, ಕೆರ್ಗುಲೆನ್ ಮತ್ತು ಆಮ್‌ಸ್ಟರ್‌ಡ್ಯಾಮ್ ದ್ವೀಪಗಳಲ್ಲಿ ಗೂಡುಕಟ್ಟುವ 169 ಆಲ್ಬಟ್ರಾಸ್ ಹಕ್ಕಿಗಳ ಬೆನ್ನಿಗೆ, ಹಡಗಿನ ರೇಡಾರ್ ತರಂಗಗಳನ್ನು ಗುರುತಿಸುವ ಪುಟ್ಟ ಸಾಧನಗಳನ್ನು ಕಟ್ಟಿದರು. ಮೀನಿನ ಆಸೆಯಿಂದ ಹಡಗುಗಳ ಬಳಿ ಸುಳಿಯುವ ಈ ಹಕ್ಕಿಗಳು ನಾಲ್ಕೂವರೆ ಕೋಟಿ ಚದರ ಕಿ.ಮೀ.ಗೂ ಮಿಗಿಲಾದ ಕಡಲನ್ನು ಸುತ್ತಿ 353 ಹಡಗುಗಳನ್ನು ಪತ್ತೆಮಾಡಿದವು. ಅವುಗಳಲ್ಲಿ ಶೇ. 28ರಷ್ಟು ಹಡಗುಗಳು ಎಐಎಸ್ ಸಂಕೇತ ಸಾರುತ್ತಿರಲಿಲ್ಲ. ಯಾವ ದೇಶದ ವ್ಯಾಪ್ತಿಗೂ ಸೇರದ ಮುಕ್ತ ಸಾಗರದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಾಗಿತ್ತು. 2020ರಲ್ಲಿ ಪ್ರಕಟವಾದ ಈ ಫಲಿತಾಂಶದ ಒಳಗಿನ ತರ್ಕ ಸರಳ: ಕಳ್ಳನು ತನ್ನ ಹೆಸರು ಹೇಳದಿರಬಹುದು, ಆದರೆ ಹಿಮಗಡ್ಡೆಗಳ ನಡುವೆ ರೇಡಾರ್ ಆರಿಸಿ ಹಡಗು ನಡೆಸಲಾರ. ನಾರ್‌ಸ್ಯಾಟ್-3ರಲ್ಲಿ ಎಐಎಸ್ ಜೊತೆಗೆ ಇಂತಹುದೇ ರೇಡಾರ್ ಪತ್ತೆ ಸಾಧನವಿದೆ. ನಾರ್‌ಸ್ಯಾಟ್-4ರಲ್ಲಿ ಮಬ್ಬು ಬೆಳಕಿನಲ್ಲೂ ಹಡಗನ್ನು ಕಾಣಬಲ್ಲ ಕ್ಯಾಮೆರಾ ಇದೆ. ತಿಂಗಳುಗಟ್ಟಲೆ ಸೂರ್ಯ ಮೂಡದ ನಾಡಿಗೆ ಅದರ ಅಗತ್ಯವನ್ನು ವಿವರಿಸಬೇಕಿಲ್ಲ. ಸ್ವಯಂಘೋಷಣೆ, ರೇಡಾರ್ ತರಂಗ, ಚಿತ್ರ ಈ ಮೂರನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಹೆಸರಿಲ್ಲದ ಹಡಗು ತಾನಾಗಿಯೇ ಎದ್ದು ಕಾಣುತ್ತದೆ.

ಕಂಡ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ ಎಂಬ ಎಚ್ಚರವೂ ಇರಬೇಕು. 2022ರ ಜನವರಿಯಲ್ಲಿ ಸ್ವಾಲ್‌ಬಾರ್ಡ್ ದ್ವೀಪಸಮೂಹವನ್ನು ನಾರ್ವೆಯ ಮುಖ್ಯ ಭೂಭಾಗಕ್ಕೆ ಜೋಡಿಸುವ ಎರಡು ಸಮುದ್ರತಳದ ಕೇಬಲ್‌ಗಳಲ್ಲಿ ಒಂದು ಹಾನಿಗೊಂಡಿತು. ಮೀನುಗಾರಿಕಾ ಹಡಗೊಂದು ಆ ಸ್ಥಳದ ಮೇಲೆ ಪದೇಪದೇ ಓಡಾಡಿದ್ದು ಸಂಚಾರದ ದಾಖಲೆಗಳಲ್ಲಿ ಕಂಡುಬಂದರೂ, ಸಾಕಷ್ಟು ಪುರಾವೆ ಇಲ್ಲವೆಂದು ಪೊಲೀಸರು ಪ್ರಕರಣ ಮುಕ್ತಾಯಗೊಳಿಸಿದರು. ಉಪಗ್ರಹ ಪ್ರಶ್ನೆ ಕೇಳಲು ನೆರವಾಗುತ್ತದೆ. ಉತ್ತರ ಹುಡುಕಲು ಕಾನೂನು, ಅಧಿಕಾರಿ, ನ್ಯಾಯಾಲಯ ಬೇಕೇ ಬೇಕು.

ಈಗ ಭಾರತದ ವಿಷಯಕ್ಕೆ ಬರೋಣ. ಕನ್ಯಾಕುಮಾರಿಯಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆದರೆ, ನಡುಗಡಲಿನ ಒಂದೆರಡು ಪುಟ್ಟ ದ್ವೀಪಗಳನ್ನು ಬಿಟ್ಟು ಬೇರಾವ ನೆಲವನ್ನೂ ಸೋಕದೆ ಅದು ಅಂಟಾರ್ಕ್ಟಿಕಾವನ್ನು ತಲುಪುತ್ತದೆ. ಅದೂ 2012ರಲ್ಲಿ ಆರಂಭವಾದ ನಮ್ಮ ‘ಭಾರತಿ’ ಸಂಶೋಧನಾ ಕೇಂದ್ರದ ಸಮೀಪಕ್ಕೆ. ಅಲ್ಲಿ 1989ರಿಂದ ‘ಮೈತ್ರಿ’ ಕೇಂದ್ರವೂ ಇದೆ. ದಕ್ಷಿಣ ಮಹಾಸಾಗರದ ಜೀವಸಂಪತ್ತನ್ನು ಕಾಯುವ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತ ಸದಸ್ಯ ರಾಷ್ಟ್ರ. 2022ರಲ್ಲಿ ಸಂಸತ್ತು ಅಂಟಾರ್ಕ್ಟಿಕ ಕಾಯಿದೆಯನ್ನು ಅಂಗೀಕರಿಸಿ, ಅಲ್ಲಿಗೆ ತೆರಳುವ ಭಾರತೀಯ ಯಾತ್ರೆಗಳಿಗೂ ಹಡಗುಗಳಿಗೂ ಪರವಾನಗಿ ಪದ್ಧತಿಯನ್ನು ತಂದಿದೆ. 2024ರ ಮೇ ತಿಂಗಳಿನಲ್ಲಿ ಅಂಟಾರ್ಕ್ಟಿಕ ಒಪ್ಪಂದ ರಾಷ್ಟ್ರಗಳ ಸಮಾವೇಶ ಕೊಚ್ಚಿಯಲ್ಲಿ ನಡೆದಾಗ ಪ್ರವಾಸೋದ್ಯಮದ ನಿಯಂತ್ರಣ ಅಲ್ಲಿ ಮುಖ್ಯ ಚರ್ಚೆಯಾಗಿತ್ತು. ನಿಯಮ ಮಾಡುವ ಮೇಜಿನಲ್ಲಿ ಕುಳಿತಮೇಲೆ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವ ಹೊಣೆಯಿಂದ ನುಣುಚಿಕೊಳ್ಳಲಾಗದು.

ಸಾಧನಗಳ ಕೊರತೆ ನಮಗಿಲ್ಲ. ನಮ್ಮ ದೂರಸಂವೇದಿ ಉಪಗ್ರಹಗಳು ಸುತ್ತುವುದು ಧ್ರುವಕಕ್ಷೆಯಲ್ಲೇ. ಕರ್ನಾಟಕದ ಹೊಲಗಳ ಚಿತ್ರ ತೆಗೆಯುವ ಉಪಗ್ರಹ ಪ್ರತಿ ಸುತ್ತಿನಲ್ಲೂ ಎರಡೂ ಧ್ರುವಗಳನ್ನು ಸಮೀಪಿಸಿಯೇ ಬರುತ್ತದೆ. 2011ರ ರಿಸೋರ್ಸ್‌ಸ್ಯಾಟ್-2ರಲ್ಲಿ ಕೆನಡಾ ನಿರ್ಮಿತ ಎಐಎಸ್ ಸಾಧನ ಅಳವಡಿಕೆಯಾಗಿತ್ತು. 2019ರ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45ರ ಕೊನೆಯ ಹಂತವನ್ನೇ ಪ್ರಯೋಗವೇದಿಕೆಯಾಗಿಸಿ ಇಸ್ರೊ ತನ್ನದೇ ಎಐಎಸ್ ಸಾಧನವನ್ನು ಪರೀಕ್ಷಿಸಿತು. ಡೆನ್ಮಾರ್ಕಿನ ಆಲ್ಬೊರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಗ್ರೀನ್‌ಲ್ಯಾಂಡ್ ಸುತ್ತಲ ಹಡಗುಗಳಿಗಾಗಿ ನಿರ್ಮಿಸಿದ, ಒಂದು ಕೆ.ಜಿ.ಗೂ ಕಡಿಮೆ ತೂಕದ ‘ಆಉಸ್ಯಾಟ್-3’ 2013ರಲ್ಲಿ ಹಾರಿದ್ದೂ ನಮ್ಮ ಪಿಎಸ್‌ಎಲ್‌ವಿಯಲ್ಲೇ. ಭಾರತಿ ಕೇಂದ್ರದಲ್ಲಿ 2013ರಿಂದ ಇಸ್ರೊದ ನೆಲಕೇಂದ್ರವಿದ್ದು, ಧ್ರುವದ ಮೇಲೆ ಹಾದುಹೋಗುವ ಉಪಗ್ರಹಗಳ ಮಾಹಿತಿಯನ್ನು ಅಲ್ಲೇ ಸ್ವೀಕರಿಸಿ ಭಾರತಕ್ಕೆ ರವಾನಿಸುತ್ತದೆ. ನಾರ್ವೆಗೆ ಸ್ವಾಲ್‌ಬಾರ್ಡಿನ ನೆಲಕೇಂದ್ರ ಇರುವಂತೆ ನಮಗೆ ಭಾರತಿ ಇದೆ. ಕಕ್ಷೆ ಇದೆ, ಸಾಧನ ತಯಾರಿಸುವ ಕೌಶಲವಿದೆ, ನೆಲಕೇಂದ್ರವಿದೆ, ಕಾಯಿದೆಯೂ ಇದೆ.

ಇಲ್ಲದಿರುವುದು ಈ ನಾಲ್ಕನ್ನೂ ಹೆಣೆಯುವ ಕೈ. ಉಪಗ್ರಹ ಬಾಹ್ಯಾಕಾಶ ಇಲಾಖೆಗೆ ಸೇರಿದ್ದು. ಅಂಟಾರ್ಕ್ಟಿಕಾ ಭೂವಿಜ್ಞಾನ ಸಚಿವಾಲಯಕ್ಕೆ ಸೇರಿದ್ದು. ನಮ್ಮ ಕರಾವಳಿಯ ಎಐಎಸ್ ಜಾಲ ದೀಪಸ್ತಂಭ ನಿರ್ದೇಶನಾಲಯದ ಮೂಲಕ ಬಂದರು ಸಚಿವಾಲಯಕ್ಕೆ ಸೇರಿದ್ದು. ಮೀನು ಮೀನುಗಾರಿಕೆ ಸಚಿವಾಲಯಕ್ಕೆ ಸೇರಿದ್ದು. ಹಿಂದೂ ಮಹಾಸಾಗರದ ಹಡಗುಗಳ ಮಾಹಿತಿ ಒಗ್ಗೂಡಿಸಲು 2018ರಲ್ಲಿ ಗುರುಗ್ರಾಮದಲ್ಲಿ ತೆರೆದ ಕೇಂದ್ರ ನೌಕಾಪಡೆಗೆ ಸೇರಿದ್ದು. ಐದು ಮನೆಗಳ ನಡುವಿನ ಬಾವಿಗೆ ಹಗ್ಗ ತರುವವರು ಯಾರು ಎಂಬ ಸ್ಥಿತಿ ಇದು. ಪ್ರತಿಯೊಂದು ಇಲಾಖೆಗೂ ಇದು ಎರಡನೆಯ ಅಥವಾ ಮೂರನೆಯ ಆದ್ಯತೆ. ಯಾರಿಗೂ ಮೊದಲ ಆದ್ಯತೆಯಲ್ಲ. ಇಂತಹ ಕೆಲಸಗಳು ಪ್ರಯೋಗದ ಹಂತದಲ್ಲಿ ಶ್ಲಾಘನೆ ಪಡೆದು, ಮುಂದಿನ ವರ್ಷದ ಆಯವ್ಯಯದಲ್ಲಿ ಸದ್ದಿಲ್ಲದೆ ಮರೆಯಾಗುವುದನ್ನು ನಮ್ಮ ಆಡಳಿತವನ್ನು ಹತ್ತಿರದಿಂದ ಬಲ್ಲವರು ಕಂಡೇ ಇರುತ್ತಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ‘ಸಾರ್ವಜನಿಕ ಸರಕು’ ಎಂಬ ಪಾಠದಲ್ಲಿ ದೀಪಸ್ತಂಭದ ಉದಾಹರಣೆ ಪರಿಚಿತ. ಅದರ ಬೆಳಕು ಒಂದು ಹಡಗಿಗೆ ಕಂಡರೆ ಇನ್ನೊಂದಕ್ಕೆ ಕಡಿಮೆಯಾಗುವುದಿಲ್ಲ. ಹಣ ಕೊಡದವನಿಗೆ ಕಾಣದಂತೆ ಮಾಡಲೂ ಆಗದು. ಆದ್ದರಿಂದ ಮಾರುಕಟ್ಟೆ ತಾನಾಗಿ ಸಾಕಷ್ಟು ದೀಪಸ್ತಂಭಗಳನ್ನು ಕಟ್ಟಲಾರದು ಎಂಬುದು ವಾದ. ಬ್ರಿಟನ್ನಿನ ದೀಪಸ್ತಂಭಗಳ ವೆಚ್ಚವನ್ನು ಬಂದರುಗಳಲ್ಲಿ ಹಡಗುಗಳಿಂದಲೇ ಶುಲ್ಕವಾಗಿ ವಸೂಲು ಮಾಡುತ್ತಿದ್ದುದನ್ನು 1974ರಲ್ಲಿ ರೊನಾಲ್ಡ್ ಕೋಸ್ ತೋರಿಸಿಕೊಟ್ಟು ಈ ಪಾಠಕ್ಕೆ ತಿದ್ದುಪಡಿ ತಂದರು. ಧ್ರುವಸಾಗರದ ಮೇಲಿನ ಕಿರು ಉಪಗ್ರಹವೂ ಒಂದು ದೀಪಸ್ತಂಭವೇ. ವ್ಯತ್ಯಾಸವೆಂದರೆ, ಹಳೆಯ ದೀಪಸ್ತಂಭದಿಂದ ಹಡಗಿಗೆ ದಡ ಕಾಣುತ್ತಿತ್ತು. ಇದರಿಂದ ದಡಕ್ಕೆ ಹಡಗು ಕಾಣುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ, ಅದು ಕಳವಳಕಾರಿ. ಬೆಳಕನ್ನು ಬಚ್ಚಿಡಲಾಗದು, ಮಾಹಿತಿಯನ್ನು ಬಚ್ಚಿಡಬಹುದು. ಉಪಗ್ರಹದಿಂದ ಪಡೆದ ಹಡಗುಗಳ ಮಾಹಿತಿ ಇಂದು ಜಾಗತಿಕ ವಾಣಿಜ್ಯ. ಕೆನಡಾದಲ್ಲಿ ಈ ಕ್ಷೇತ್ರದ ಮುಂಚೂಣಿಯಲ್ಲಿದ್ದ ‘ಎಕ್ಸಾಕ್ಟ್‌ಅರ್ತ್’ ಕಂಪನಿಯನ್ನು 2021ರಲ್ಲಿ ಅಮೆರಿಕದ ‘ಸ್ಪೈರ್’ ಖರೀದಿಸಿತು. ತೈಲ ವ್ಯಾಪಾರಿಗೂ ವಿಮಾ ಕಂಪನಿಗೂ ಈ ಮಾಹಿತಿಗೆ ಬೆಲೆ ತೆರುವ ಶಕ್ತಿಯಿದೆ. ಒಂದು ದ್ವೀಪರಾಷ್ಟ್ರದ ಮೀನುಗಾರಿಕೆ ಇಲಾಖೆಗೋ ವಿಶ್ವವಿದ್ಯಾಲಯದ ಸಂಶೋಧಕನಿಗೋ ಆ ಶಕ್ತಿ ಇರುವುದಿಲ್ಲ. ಖಾಸಗಿ ಕಂಪನಿಗಳು ಲಾಭ ಗಳಿಸುವುದು ತಪ್ಪಲ್ಲ. ಆದರೆ ಎಲ್ಲರಿಗೂ ಸೇರಿದ ಕಡಲಿನ ಮೇಲಿನ ಏಕೈಕ ಕಣ್ಣು ಹಣ ಕೊಟ್ಟವರಿಗಷ್ಟೇ ಕಾಣುವಂತಾದರೆ ಅದು ಕಾವಲಲ್ಲ.

ಇದಕ್ಕೆ ಬೇರೆ ದಾರಿಯಿದೆ ಎಂಬುದಕ್ಕೆ ಪೂರ್ವನಿದರ್ಶನವಿದೆ. ಶೀತಲ ಸಮರ ತೀವ್ರವಾಗಿದ್ದ ಕಾಲದಲ್ಲೇ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ ಮತ್ತು ಫ್ರಾನ್ಸ್ ಸೇರಿ ‘ಕೋಸ್ಪಾಸ್-ಸಾರ್ಸ್ಯಾಟ್’ ಎಂಬ ಉಪಗ್ರಹ ವ್ಯವಸ್ಥೆಯನ್ನು ಕಟ್ಟಿದವು. 1988ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ರೂಪ ದೊರೆಯಿತು. ಆಪತ್ತಿನಲ್ಲಿರುವ ಹಡಗು, ವಿಮಾನಗಳ ಸಂಕೇತವನ್ನು ಹಿಡಿದು ರಕ್ಷಣಾ ಕೇಂದ್ರಗಳಿಗೆ ಉಚಿತವಾಗಿ ತಲುಪಿಸುವುದು ಅದರ ಕೆಲಸ. ಭಾರತವೂ ಅದರ ಪಾಲುದಾರ. ಅದರ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೊದ ಇಸ್ಟ್ರ್ಯಾಕ್‌ನಲ್ಲಿ. ಅಂದು ಪರಸ್ಪರ ಕ್ಷಿಪಣಿ ಗುರಿಯಿಟ್ಟಿದ್ದ ರಾಷ್ಟ್ರಗಳು ಮುಳುಗುವವನ ಕೂಗಿಗೆ ಬೆಲೆ ಕಟ್ಟಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದ ನಂತರ ಆರ್ಕ್ಟಿಕ್ ಮಂಡಳಿಯ ಉಳಿದ ಏಳು ರಾಷ್ಟ್ರಗಳು ರಷ್ಯಾದೊಂದಿಗಿನ ಸಹಕಾರವನ್ನು ಸ್ಥಗಿತಗೊಳಿಸಿದ್ದನ್ನು ನೆನೆದರೆ, ಈ ಹಳೆಯ ವಿವೇಕದ ಬೆಲೆ ಇನ್ನಷ್ಟು ಅರ್ಥವಾಗುತ್ತದೆ. ಆ ಮಂಡಳಿಯಲ್ಲಿ 2013ರಿಂದ ವೀಕ್ಷಕ ಸ್ಥಾನ ಪಡೆದಿರುವ, ಎರಡೂ ಬಣಗಳೊಂದಿಗೆ ಮಾತುಕತೆ ಉಳಿಸಿಕೊಂಡಿರುವ ಭಾರತ ಇಲ್ಲಿ ಉಪಯುಕ್ತ ಪಾತ್ರ ವಹಿಸಬಲ್ಲದು.

ಒಂದು ಆಕ್ಷೇಪವನ್ನು ನಾನು ಊಹಿಸಬಲ್ಲೆ. ನಮ್ಮದೇ ಕರಾವಳಿಯ ಮೀನುಗಾರರಿಗೆ ರಕ್ಷಣೆ ಇಲ್ಲದಿರುವಾಗ ಧ್ರುವದ ಹಡಗುಗಳ ಚಿಂತೆ ಏಕೆ? ಪ್ರಶ್ನೆ ನ್ಯಾಯವಾದದ್ದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾದಾಗ, ಅದರ ಅವಶೇಷ ಪತ್ತೆಯಾಗಲು 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಆ ಕುಟುಂಬಗಳು ಕಳೆದ ತಿಂಗಳುಗಳನ್ನು ಕರಾವಳಿಯ ಜನ ಮರೆತಿಲ್ಲ. ಮೀನುಗಾರಿಕಾ ದೋಣಿಗಳಿಗೆ ಉಪಗ್ರಹ ಸಂಪರ್ಕದ ಟ್ರಾನ್ಸ್‌ಪಾಂಡರ್ ಅಳವಡಿಸುವ ರಾಷ್ಟ್ರೀಯ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ದೊರೆತದ್ದು ಸ್ವಾಗತಾರ್ಹ. ಆದರೆ ಇದು ಅದೋ ಇದೋ ಎಂಬ ಆಯ್ಕೆಯಲ್ಲ. ಧ್ರುವಕಕ್ಷೆಯ ಉಪಗ್ರಹ ದಕ್ಷಿಣ ಮಹಾಸಾಗರದಿಂದ ಹೊರಟು ಅರಬ್ಬಿ ಸಮುದ್ರವನ್ನೂ ದಾಟಿಯೇ ಉತ್ತರಕ್ಕೆ ಹೋಗುತ್ತದೆ. ಒಂದೇ ಸಾಧನ ಎರಡೂ ಕಡೆ ಕೇಳಿಸಿಕೊಳ್ಳುತ್ತದೆ. ಖರ್ಚನ್ನು ಪಾಲು ಮಾಡಲಾಗದು, ಪ್ರಯೋಜನವನ್ನು ಮಾತ್ರ ಹಂಚಿಕೊಳ್ಳಬಹುದು.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ಧ್ರುವಕಕ್ಷೆಗೆ ಸೇರುವ ನಮ್ಮ ಪ್ರತಿಯೊಂದು ಭೂವೀಕ್ಷಣಾ ಉಪಗ್ರಹದಲ್ಲೂ ಎಐಎಸ್ ಮತ್ತು ರೇಡಾರ್ ಪತ್ತೆ ಸಾಧನಗಳಿಗೆ ಸ್ಥಳ ಕಾದಿರಿಸುವುದು ನಿಯಮವಾಗಬೇಕು, ಅಪವಾದವಲ್ಲ. ಎರಡನೆಯದಾಗಿ, 2022ರ ಕಾಯಿದೆಯಡಿ ರಚನೆಯಾಗಬೇಕಾದ ಅಂಟಾರ್ಕ್ಟಿಕ ಆಡಳಿತ ಮತ್ತು ಪರಿಸರ ಸಂರಕ್ಷಣಾ ಸಮಿತಿಯ ಕೈಕೆಳಗೆ ಒಂದು ಕಚೇರಿಯನ್ನು ಹೆಸರಿಸಿ, ದಕ್ಷಿಣ ಮಹಾಸಾಗರದ ಹಡಗುಗಳ ಮಾಹಿತಿಗೆ ಅದನ್ನೇ ಉತ್ತರದಾಯಿ ಮಾಡಬೇಕು; ಅದಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಬೇಕು, ಮುಂದಿನ ಉಪಗ್ರಹ ಯಾವಾಗ ಎಂಬ ವೇಳಾಪಟ್ಟಿಯೂ ಇರಬೇಕು. ಮೂರನೆಯದಾಗಿ, ರಕ್ಷಣಾ ಕೇಂದ್ರಗಳಿಗೂ ಜೀವಸಂಪತ್ತಿನ ಆಯೋಗಕ್ಕೂ ಮಾಹಿತಿಯನ್ನು ತಕ್ಷಣವೇ ಉಚಿತವಾಗಿ ಕೊಡಬೇಕು. ದೇಶದ ಭದ್ರತೆಗೂ ಹಡಗುಗಳ ಸುರಕ್ಷತೆಗೂ ಧಕ್ಕೆಯಾಗದಂತೆ, ಕೆಲವು ದಿನಗಳ ಅಂತರದ ನಂತರ ಅದನ್ನು ಸಂಶೋಧಕರಿಗೂ ಸಾರ್ವಜನಿಕರಿಗೂ ತೆರೆದಿಡಬೇಕು.

ಈ ಕೆಲಸಕ್ಕೆ ಜೊತೆಗಾರರೂ ಇದ್ದಾರೆ. ಭಾರತದಲ್ಲಿ ಧ್ರುವ ಸಂಶೋಧನಾ ಹಡಗೊಂದನ್ನು ನಿರ್ಮಿಸಲು 2025ರ ಜೂನ್‌ನಲ್ಲಿ ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ ನಾರ್ವೆಯ ಕೊಂಗ್ಸ್‌ಬರ್ಗ್ ಕಂಪನಿಯೊಂದಿಗೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದೆ. ಎಐಎಸ್‌ಸ್ಯಾಟ್-1ರ ಕಿವಿಯನ್ನು ತಯಾರಿಸಿದ್ದೂ ಅದೇ ಸಮೂಹ. ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮೂರು ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆ ಸೇರಿದ್ದು ನಾರ್‌ಸ್ಯಾಟ್-4 ಇದ್ದ ಅದೇ ಅಮೆರಿಕನ್ ರಾಕೆಟ್ಟಿನಲ್ಲಿ. ಕಿರು ಉಪಗ್ರಹ ಕಟ್ಟಬಲ್ಲ ಯುವಕರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಇಂತಹ ಕೆಲಸ ಬೇಕು ಎಂದು ಕೇಳುವ ಕಚೇರಿ ದೆಹಲಿಯಲ್ಲಿ ಇರಬೇಕಷ್ಟೆ.

ದೀಪಸ್ತಂಭ ಕಟ್ಟುವುದು ಒಂದು ದಿನದ ಸಮಾರಂಭ. ಅದರ ದೀಪವನ್ನು ಪ್ರತಿ ಸಂಜೆ ಹಚ್ಚುವುದು ಒಬ್ಬ ಕಾವಲುಗಾರನ ನಿತ್ಯದ ಕೆಲಸ. ಮುಂದಿನ ಬೇಸಿಗೆಯಲ್ಲಿ ಭಾರತಿ ಕೇಂದ್ರಕ್ಕೆ ಸಾಮಗ್ರಿ ಹೊತ್ತೊಯ್ಯುವ ಹಡಗು ಹಿಮದಲ್ಲಿ ಸಿಲುಕಿದರೆ, ಅತಿ ಸಮೀಪದ ಹಡಗು ಯಾವುದೆಂದು ಅರ್ಧ ಗಂಟೆಯೊಳಗೆ ಹೇಳಬಲ್ಲ ಅಧಿಕಾರಿ ಯಾರು ಎಂಬ ಪ್ರಶ್ನೆಯನ್ನು ಸಂಸತ್ತಿನಲ್ಲಿ ಯಾರಾದರೂ ಕೇಳಲಿ. ಅದಕ್ಕೆ ಒಂದೇ ಹೆಸರು ಉತ್ತರವಾಗಿ ಬಂದ ದಿನ ನಮ್ಮ ಕೆಲಸ ಆರಂಭವಾಗಿದೆ ಎನ್ನಬಹುದು.